ಶೋಧಕ ಋಣವಾದರೆ ವಾಸ್ತವ ಮೂಲಗಳು ಏಕೆ ಇರುವುದಿಲ್ಲ? ಕಾರಣ ಸಹಿತ ತಿಳಿಯಬೇಕಾಗಿದೆ

ಕಲಿಕಾರ್ಥಿ

ಎಲ್ಲರಿಗೂ ನಮಸ್ಕಾರ. ಶಾಲೆ ಬಿಟ್ಟು ಬಹಳ ವರ್ಷಗಳಾದ ಮೇಲೆ ಬೀಜಗಣಿತವನ್ನು ಮತ್ತೆ ಮೊದಲಿನಿಂದ ಓದಲು ಕುಳಿತಿದ್ದೇನೆ. ವರ್ಗ ಸಮೀಕರಣಗಳ ಅಧ್ಯಾಯದಲ್ಲಿ 'ಮೂಲಗಳ ಸ್ವಭಾವ' ಎಂಬ ಭಾಗಕ್ಕೆ ಬಂದು ಅಲ್ಲಿಯೇ ನಿಂತಿದ್ದೇನೆ. ಬರೆಯುವ ಅನುಕೂಲಕ್ಕಾಗಿ ಅವ್ಯಕ್ತವನ್ನು ಯ ಎಂದೂ, ಸಹಗುಣಕಗಳನ್ನು ಅ ಮತ್ತು ಬ ಎಂದೂ, ಸ್ಥಿರ ಪದವನ್ನು ಕ ಎಂದೂ ಕರೆಯುತ್ತೇನೆ. ಅಂದರೆ ಆದರ್ಶ ರೂಪ ಅ·ಯ² + ಬ·ಯ + ಕ = 0, ಅದರ ಶೋಧಕ ಬ² − 4·ಅ·ಕ.

ಶೋಧಕ ಸೊನ್ನೆಗಿಂತ ಹೆಚ್ಚಾಗಿದ್ದರೆ ಎರಡು ಭಿನ್ನ ವಾಸ್ತವ ಮೂಲಗಳು, ಸೊನ್ನೆಯಾದರೆ ಎರಡು ಸಮ ಮೂಲಗಳು, ಸೊನ್ನೆಗಿಂತ ಕಡಿಮೆಯಾದರೆ ವಾಸ್ತವ ಮೂಲಗಳಿಲ್ಲ ಎಂಬ ಮೂರು ಸಾಲುಗಳು ನನಗೆ ಬಾಯಿಪಾಠವಾಗಿವೆ. ಆದರೆ ಆ ಬಾಯಿಪಾಠ ಕೈಕೊಡುತ್ತಿದೆ. ನಿನ್ನೆ 2·ಯ² − 3·ಯ − 5 = 0 ಎಂಬ ಸಮೀಕರಣಕ್ಕೆ ಶೋಧಕ 9 − 40 = −31 ಎಂದು ಲೆಕ್ಕ ಹಾಕಿ, 'ವಾಸ್ತವ ಮೂಲಗಳಿಲ್ಲ' ಎಂದು ಬರೆದೆ. ಆಮೇಲೆ ಸುಮ್ಮನೆ ಯ = −1 ಎಂದು ಹಾಕಿ ನೋಡಿದರೆ 2 + 3 − 5 = 0 ಆಯಿತು. ನಾನು ಇಲ್ಲವೆಂದು ಬರೆದ ಮೂಲ ಕಣ್ಣೆದುರಿಗೇ ಇತ್ತು. ಎಲ್ಲಿ ತಪ್ಪಿದೆ ಎಂಬುದಕ್ಕಿಂತ ಹೆಚ್ಚಾಗಿ, ಈ ಒಂದು ಸಂಖ್ಯೆಗೆ ಮೂಲಗಳ ಮೇಲೆ ಇಷ್ಟು ಅಧಿಕಾರ ಎಲ್ಲಿಂದ ಬಂತು ಎಂಬುದು ನನಗೆ ತಿಳಿಯಬೇಕಾಗಿದೆ.

ಹಳೆಯ ಮೇಷ್ಟ್ರು

ಮೊದಲು ನಿಮ್ಮ ಲೆಕ್ಕದ ತಪ್ಪನ್ನು ಸರಿಪಡಿಸೋಣ, ಏಕೆಂದರೆ ಇದು ನಾನು ಅತಿ ಹೆಚ್ಚು ಬಾರಿ ಕೆಂಪು ಶಾಯಿಯಲ್ಲಿ ತಿದ್ದಿರುವ ತಪ್ಪು. ನಿಮ್ಮ ಸಮೀಕರಣದಲ್ಲಿ ಕ ಎಂಬುದು 5 ಅಲ್ಲ, −5. ಆದ್ದರಿಂದ 4·ಅ·ಕ ಎಂದರೆ 4 × 2 × (−5) = −40. ಅದನ್ನು 9ರಿಂದ ಕಳೆದಾಗ 9 − (−40) = 49 ಬರುತ್ತದೆ. ಸ್ಥಿರ ಪದದ ಹಿಂದಿನ ಚಿಹ್ನೆ ಆ ಪದಕ್ಕೇ ಸೇರಿದ್ದು. ಬೆಲೆಯನ್ನು ಆವರಣದೊಳಗೆ ಚಿಹ್ನೆ ಸಹಿತ ಬರೆದು, ಆಮೇಲೆ ಗುಣಿಸುವ ಅಭ್ಯಾಸ ಮಾಡಿಕೊಂಡರೆ ಈ ತಪ್ಪು ಬಹುಮಟ್ಟಿಗೆ ನಿಂತುಹೋಗುತ್ತದೆ. ಜೊತೆಗೆ ಇನ್ನೊಂದು ಮಾತು: ಅ ಮತ್ತು ಕ ವಿರುದ್ಧ ಚಿಹ್ನೆಯವಾಗಿದ್ದರೆ −4·ಅ·ಕ ಯಾವಾಗಲೂ ಧನವೇ ಆಗುತ್ತದೆ. ಬ² ಎಂದೂ ಋಣವಾಗದು. ಹೀಗಾಗಿ ಅಂಥ ಸಮೀಕರಣದ ಶೋಧಕವನ್ನು ಪೂರ್ತಿ ಲೆಕ್ಕ ಹಾಕುವ ಮೊದಲೇ, ಎರಡು ಭಿನ್ನ ವಾಸ್ತವ ಮೂಲಗಳು ಇದ್ದೇ ಇವೆ ಎಂದು ಹೇಳಬಹುದು. −31 ಬಂದ ಕ್ಷಣದಲ್ಲಿಯೇ ನಿಮಗೆ ಅನುಮಾನ ಬರಬೇಕಿತ್ತು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಶೋಧಕ ಹೊರಗಿನಿಂದ ತಂದು ಹೇರಿದ ಪರೀಕ್ಷೆಯಲ್ಲ. ಸಮೀಕರಣವನ್ನು ವರ್ಗಪೂರ್ತಿಯಿಂದ ಬಿಡಿಸುತ್ತಾ ಹೋದಾಗ ಬಲಗಡೆಯಲ್ಲಿ ಕೊನೆಗೆ ಉಳಿದುಕೊಳ್ಳುವ ಸಂಖ್ಯೆ ಅದು. ನಿಮ್ಮದೇ ಸಮೀಕರಣವನ್ನು ತೆಗೆದುಕೊಳ್ಳಿ. ಎರಡೂ ಬದಿಯನ್ನು 4·ಅ, ಅಂದರೆ 8ರಿಂದ ಗುಣಿಸಿದರೆ 16·ಯ² − 24·ಯ − 40 = 0 ಆಗುತ್ತದೆ. ಇದರ ಮೊದಲ ಎರಡು ಪದಗಳನ್ನು ನೋಡಿದರೆ (4·ಯ − 3) ಎಂಬುದರ ವರ್ಗ ಕಣ್ಣಿಗೆ ಕಾಣುತ್ತದೆ. ಆ ವರ್ಗವನ್ನು ವಿಸ್ತರಿಸಿದರೆ 16·ಯ² − 24·ಯ + 9. ನಮ್ಮಲ್ಲಿ ಇಲ್ಲದಿರುವುದು ಆ 9 ಮಾತ್ರ. −40ನ್ನು ಆಚೆಗೆ ಕಳುಹಿಸಿ, ಎರಡೂ ಬದಿಗೆ 9 ಕೂಡಿಸಿದಾಗ (4·ಯ − 3)² = 49 ಎಂದಾಗುತ್ತದೆ. ಇನ್ನು 4·ಯ − 3 ಎಂಬುದು 7 ಆಗಿರಬೇಕು ಇಲ್ಲವೇ −7 ಆಗಿರಬೇಕು. ಮೊದಲನೆಯದರಿಂದ ಯ = 5/2, ಎರಡನೆಯದರಿಂದ ಯ = −1.

ಸಂಖ್ಯೆಗಳ ಬದಲು ಅಕ್ಷರಗಳನ್ನೇ ಇಟ್ಟು ಇದೇ ಕೆಲಸ ಮಾಡಿದರೆ (2·ಅ·ಯ + ಬ)² = ಬ² − 4·ಅ·ಕ ಎಂಬ ಸಾಲು ಸಿಗುತ್ತದೆ. ಈ ಸಾಲನ್ನು ದಯವಿಟ್ಟು ನಿಧಾನವಾಗಿ ನೋಡಿ, ಅಧ್ಯಾಯದ ಉಳಿದ ಮಾತೆಲ್ಲ ಇದರಿಂದಲೇ ಹುಟ್ಟುವುದು. ಎಡಗಡೆಯಲ್ಲಿ ಒಂದು ವರ್ಗವಿದೆ, ಬಲಗಡೆಯಲ್ಲಿ ಶೋಧಕವಿದೆ. ಯ ಯಾವುದೇ ವಾಸ್ತವ ಸಂಖ್ಯೆಯಾಗಿದ್ದರೂ 2·ಅ·ಯ + ಬ ವಾಸ್ತವವೇ, ಮತ್ತು ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣವಾಗಲಾರದು. ಆದ್ದರಿಂದ ಬಲಗಡೆ ಋಣವಾದರೆ ಎಡಗಡೆ ಅದಕ್ಕೆ ಸಮನಾಗಲು ಯಾವ ವಾಸ್ತವ ಯ ಬೆಲೆಗೂ ಸಾಧ್ಯವಿಲ್ಲ. ಬಲಗಡೆ ಸೊನ್ನೆಯಾದರೆ ಆವರಣದ ಒಳಗಿನದು ಸೊನ್ನೆಯಾಗಲೇಬೇಕು, ಅದಕ್ಕೆ ದಾರಿ ಒಂದೇ. ಬಲಗಡೆ ಧನವಾದರೆ ಧನ ವರ್ಗಮೂಲವೂ ಋಣ ವರ್ಗಮೂಲವೂ ಸಲ್ಲುತ್ತವೆ, ಹಾಗಾಗಿ ದಾರಿ ಎರಡು. ನೀವು ಬಾಯಿಪಾಠ ಮಾಡಿದ ಮೂರು ಸಾಲುಗಳು ಇವೇ.

ಬೀಜಾಕ್ಷರ

ಮೇಷ್ಟ್ರು ತೋರಿಸಿದ ವಿಧಾನ, ಅಂದರೆ ಮೊದಲು 4·ಅ ಇಂದ ಗುಣಿಸಿ ಆಮೇಲೆ ಬ² ಕೂಡಿಸುವುದು, ಶ್ರೀಧರಾಚಾರ್ಯರದು. ಅವರ ಬೀಜಗಣಿತದ ಗ್ರಂಥ ನಮ್ಮ ಕೈಗೆ ಉಳಿದು ಬಂದಿಲ್ಲ, ಆದರೆ ಎರಡನೆಯ ಭಾಸ್ಕರಾಚಾರ್ಯರು 12ನೇ ಶತಮಾನದ ತಮ್ಮ 'ಬೀಜಗಣಿತ'ದಲ್ಲಿ ಆ ಸೂತ್ರವನ್ನು ಶ್ರೀಧರರ ಹೆಸರು ಹೇಳಿ ಉದ್ಧರಿಸಿದ್ದರಿಂದ ಅದು ನಮಗೆ ದಕ್ಕಿದೆ. ಈ ವಿಧಾನದ ಸೊಗಸು ಎಂದರೆ ಕೊನೆಯ ಹೆಜ್ಜೆಯವರೆಗೆ ಭಿನ್ನರಾಶಿ ತಲೆ ಹಾಕುವುದೇ ಇಲ್ಲ. ಮೊದಲು ಅ ಇಂದ ಭಾಗಿಸಿ, ಆಮೇಲೆ ಬ/2ಅ ಎಂಬುದರ ವರ್ಗವನ್ನು ಕೂಡಿಸುವ ವಿಧಾನವೂ ಇದೇ ಉತ್ತರಕ್ಕೆ ಕರೆದೊಯ್ಯುತ್ತದೆ, ಆದರೆ ಆ ದಾರಿಯಲ್ಲಿ ಶೋಧಕದ ಮುಖ ಭಿನ್ನರಾಶಿಗಳ ಹಿಂದೆ ಮರೆಯಾಗಿರುತ್ತದೆ.

ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂಬ ಮಾತೂ ಹಳೆಯದೇ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ 'ಗಣಿತಸಾರಸಂಗ್ರಹ'ದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಋಣವು ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಕಾರಣವನ್ನು ಕೊಟ್ಟ ರೀತಿಯನ್ನು ಗಮನಿಸಿ. ಅದು ಬರಿಯ ನಿಷೇಧವಲ್ಲ, ಮೇಷ್ಟ್ರು ಎಡಗಡೆ ಬಲಗಡೆ ಎಂದು ವಿವರಿಸಿದ ವಾದವೇ. ಕಲಿಕಾರ್ಥಿಯವರು ಅವ್ಯಕ್ತಕ್ಕೆ ಯ ಎಂಬ ಅಕ್ಷರ ಆರಿಸಿಕೊಂಡದ್ದೂ ನನಗೆ ಸಂತೋಷ ತಂದಿತು, ನಮ್ಮ ಪ್ರಾಚೀನ ಗಣಿತಜ್ಞರು ಅವ್ಯಕ್ತವನ್ನು 'ಯಾವತ್ತಾವತ್' ಎಂದು ಕರೆದು 'ಯಾ' ಎಂದು ಸಂಕ್ಷೇಪಿಸುತ್ತಿದ್ದರು. ಶೋಧಕಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ಡಿಸ್ಕ್ರಿಮಿನಂಟ್' ಎಂಬ ಹೆಸರು ಮಾತ್ರ ಬಹಳ ಈಚಿನದು, 1851ರಲ್ಲಿ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಅದನ್ನು ಇಟ್ಟರು.

ನಕ್ಷೆಗಾರ

ನಾನು ಚಿತ್ರದಿಂದ ಯೋಚಿಸುವವನು, ಆದ್ದರಿಂದ ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತೇನೆ. ಯ² − 6·ಯ + ಕ ಎಂಬ ಪದೋಕ್ತಿಯನ್ನು ತೆಗೆದುಕೊಂಡು, ಕ ಬೆಲೆಯನ್ನು ಮಾತ್ರ ಬದಲಿಸುತ್ತಾ ಪರವಲಯಗಳನ್ನು ಎಳೆಯಿರಿ. ಕ ಹೆಚ್ಚಿದಂತೆ ಪರವಲಯದ ಆಕಾರ ಒಂದಿಷ್ಟೂ ಬದಲಾಗುವುದಿಲ್ಲ, ಇಡೀ ವಕ್ರರೇಖೆ ಮೇಲಕ್ಕೆ ಸರಿಯುತ್ತದೆ, ಅಷ್ಟೆ. ಕ = 5 ಇದ್ದಾಗ ಅದು ಅಡ್ಡ ಅಕ್ಷವನ್ನು 1 ಮತ್ತು 5ರಲ್ಲಿ ಕತ್ತರಿಸುತ್ತದೆ, ಶೋಧಕ 16. ಕ = 8 ಆದಾಗ 2 ಮತ್ತು 4ರಲ್ಲಿ, ಶೋಧಕ 4. ಕ = 9 ಆದಾಗ ಅದರ ಶೃಂಗ 3 ಎಂಬ ಬಿಂದುವಿನಲ್ಲಿ ಅಕ್ಷವನ್ನು ಮುಟ್ಟುತ್ತದೆ, ಶೋಧಕ ಸೊನ್ನೆ. ಕ = 10 ಆದ ಕೂಡಲೇ ವಕ್ರರೇಖೆ ಪೂರ್ತಿಯಾಗಿ ಅಕ್ಷದಿಂದ ಮೇಲಕ್ಕೆ ಎದ್ದಿರುತ್ತದೆ, ಶೋಧಕ −4.

ಇಲ್ಲಿ ಎರಡು ಮೂಲಗಳೂ 3 ಎಂಬ ನಡುಬಿಂದುವಿನತ್ತ ಎರಡು ಕಡೆಯಿಂದ ಸಮನಾಗಿ ಹತ್ತಿರ ಬಂದು, ಕೂಡಿಕೊಂಡು, ಆಮೇಲೆ ಅಕ್ಷದಿಂದ ಮರೆಯಾಗುವುದನ್ನು ನೋಡಬಹುದು. ಮೂಲಗಳ ನಡುವಿನ ಅಂತರ ಮೊದಲು 4, ಆಮೇಲೆ 2, ಆಮೇಲೆ 0. ಶೋಧಕಗಳಾದ 16, 4, 0 ಎಂಬವು ಆ ಅಂತರಗಳ ವರ್ಗಗಳೇ. ಇದು ಕಾಕತಾಳೀಯವಲ್ಲ: ಶೋಧಕವೆಂದರೆ ಅ² ಎಂಬುದನ್ನು ಮೂಲಗಳ ಅಂತರದ ವರ್ಗದಿಂದ ಗುಣಿಸಿದಾಗ ಬರುವ ಸಂಖ್ಯೆ. ಹಾಗಾಗಿ ಶೋಧಕವನ್ನು ನಾನು ಕೇವಲ ಚಿಹ್ನೆಯಾಗಿ ನೋಡುವುದಿಲ್ಲ. ಮೂಲಗಳು ಒಂದಕ್ಕೊಂದು ಎಷ್ಟು ದೂರದಲ್ಲಿವೆ ಎಂಬ ಅಳತೆಯೂ ಅದರೊಳಗೆ ಅಡಗಿದೆ.

ಕಲಿಕಾರ್ಥಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. (4·ಯ − 3)² = 49 ಎಂಬ ಸಾಲನ್ನು ನೋಡಿದಾಗ ಇಷ್ಟು ದಿನದ ಗೊಂದಲ ಕರಗಿತು. ಸ್ಥಿರ ಪದ +5 ಆಗಿದ್ದರೆ ಅದೇ ಸಾಲು (4·ಯ − 3)² = −31 ಆಗುತ್ತಿತ್ತು ಎಂದು ಬರೆದು ನೋಡಿದೆ. ನಾನು ತಪ್ಪಾಗಿ ಬಿಡಿಸಿದ್ದು ಬೇರೊಂದು ಸಮೀಕರಣವನ್ನು ಎಂದು ಆಗ ಅರ್ಥವಾಯಿತು.

ಎರಡು ಸಂದೇಹಗಳು ಉಳಿದಿವೆ. ಶೋಧಕ ಸೊನ್ನೆಯಾದಾಗ ಸಿಗುವುದು ಒಂದೇ ಸಂಖ್ಯೆ, ಆದರೂ ಪುಸ್ತಕಗಳಲ್ಲಿ 'ಎರಡು ಸಮ ಮೂಲಗಳು' ಎಂದು ಏಕೆ ಬರೆಯುತ್ತಾರೆ? ಎರಡನೆಯದು, ಕ = 10 ಆದಾಗ ಮೂಲಗಳು ನಿಜವಾಗಿಯೂ ಇಲ್ಲವೇ, ಅಥವಾ ನಮಗೆ ಕಾಣದ ಕಡೆಗೆ ಹೋದವೇ?

ಹಳೆಯ ಮೇಷ್ಟ್ರು

ಯ² − 6·ಯ + 9 ಎಂಬುದನ್ನು ಅಪವರ್ತಿಸಿದರೆ (ಯ − 3)(ಯ − 3) ಬರುತ್ತದೆ. ಅಪವರ್ತನಗಳು ಎರಡು, ಎರಡೂ ಒಂದೇ ಸಂಖ್ಯೆಯನ್ನು ಸೂಚಿಸುತ್ತವೆ. ಮೂಲಗಳ ಮೊತ್ತ −ಬ/ಅ, ಗುಣಲಬ್ಧ ಕ/ಅ ಎಂಬ ಸಂಬಂಧಗಳು ಇಲ್ಲಿಯೂ ನಿಲ್ಲಬೇಕಾದರೆ 3ನ್ನು ಎರಡು ಸಲ ಎಣಿಸಲೇಬೇಕು: 3 + 3 = 6, 3 × 3 = 9. ನಕ್ಷೆಗಾರರು ತೋರಿಸಿದಂತೆ ಎರಡು ಮೂಲಗಳು ಬಂದು ಕೂಡಿಕೊಂಡ ಜಾಗ ಅದು, ಅವುಗಳಲ್ಲಿ ಒಂದು ಅಳಿಸಿಹೋಗಿಲ್ಲ.

ಎರಡನೆಯ ಸಂದೇಹಕ್ಕೆ ಉತ್ತರವಾಗಿ, 'ಮೂಲಗಳಿಲ್ಲ' ಎಂದು ಬರೆಯಬೇಡಿ, 'ವಾಸ್ತವ ಮೂಲಗಳಿಲ್ಲ' ಎಂದೇ ಬರೆಯಿರಿ ಎಂದು ನನ್ನ ವಿದ್ಯಾರ್ಥಿಗಳಿಗೆ ಪಟ್ಟು ಹಿಡಿದು ಹೇಳುತ್ತಿದ್ದೆ. ಯ² − 6·ಯ + 10 = 0 ಎಂಬುದನ್ನು (ಯ − 3)² = −1 ಎಂದು ಬರೆಯಬಹುದು. ವರ್ಗ ಮಾಡಿದರೆ −1 ಬರುವ ಸಂಖ್ಯೆಯನ್ನು ಒಪ್ಪಿಕೊಂಡ ಸಂಕೀರ್ಣ ಸಂಖ್ಯೆಗಳ ಲೋಕದಲ್ಲಿ ಇದಕ್ಕೆ 3 + √(−1) ಮತ್ತು 3 − √(−1) ಎಂಬ ಎರಡು ಮೂಲಗಳಿವೆ. ಅವುಗಳ ಮೊತ್ತ ಈಗಲೂ 6, ಗುಣಲಬ್ಧ 9 + 1 = 10. ನಡುಬಿಂದು 3 ಬದಲಾಗಲಿಲ್ಲ. ಮೂಲಗಳು ಸಂಖ್ಯಾರೇಖೆಯನ್ನು ಬಿಟ್ಟು ಅದರ ಮೇಲೆ ಮತ್ತು ಕೆಳಗೆ ಸಮಾನ ದೂರಕ್ಕೆ ಸರಿದವು.

ಪೂರ್ಣಾಂಕ

ಇದಕ್ಕೆ ಒಂದು ಸಣ್ಣ ಸೇರ್ಪಡೆ. ಶೋಧಕ ಪೂರ್ಣವರ್ಗವಾಗಿದ್ದರೆ ಮೂಲಗಳು ಭಾಗಲಬ್ಧ ಸಂಖ್ಯೆಗಳು, ಇಲ್ಲವಾದರೆ ಅಭಾಗಲಬ್ಧ ಸಂಖ್ಯೆಗಳು. 49 ಪೂರ್ಣವರ್ಗವಾದ್ದರಿಂದ 5/2 ಮತ್ತು −1 ಬಂದವು. ಯ² − 4·ಯ + 1 = 0 ಇದರ ಶೋಧಕ 12, ಆದ್ದರಿಂದ ಮೂಲಗಳು 2 + √3 ಮತ್ತು 2 − √3. ಅಪವರ್ತನ ವಿಧಾನದಿಂದ ಬಿಡಿಸಲು ಪ್ರಯತ್ನಿಸಬೇಕೋ ಬೇಡವೋ ಎಂಬುದನ್ನು ಇದರಿಂದ ಮೊದಲೇ ತಿಳಿಯಬಹುದು.

ಬೀಜಾಕ್ಷರ

ಪೂರ್ಣಾಂಕ ಅವರೇ, ನಿಮ್ಮ ಮಾತಿಗೆ ಒಂದು ಷರತ್ತು ಬೇಕು. ಸಹಗುಣಕಗಳು ಮೂರೂ ಭಾಗಲಬ್ಧವಾಗಿದ್ದರೆ ಮಾತ್ರ ಆ ನಿಯಮ ಸಲ್ಲುತ್ತದೆ. ಯ² − √5·ಯ + 1 = 0 ಎಂಬುದನ್ನು ನೋಡಿ. ಶೋಧಕ 5 − 4 = 1, ಅದಕ್ಕಿಂತ ಶುದ್ಧವಾದ ಪೂರ್ಣವರ್ಗ ಇನ್ನಾವುದು? ಆದರೂ ಮೂಲಗಳು (√5 + 1)/2 ಮತ್ತು (√5 − 1)/2, ಎರಡೂ ಅಭಾಗಲಬ್ಧ. ಸೂತ್ರದಲ್ಲಿ ವರ್ಗಮೂಲದ ಪಕ್ಕದಲ್ಲಿ −ಬ ಕೂಡ ಇದೆ ಎಂಬುದನ್ನು ಮರೆತಾಗ ಈ ತಪ್ಪು ನುಸುಳುತ್ತದೆ. ಮೊದಲನೆಯ ಮೂಲವನ್ನು ನೀವು ಗುರುತಿಸಿರಬಹುದು, ಅದು ಸುಮಾರು 1.618 ಆಗುವ ಸುವರ್ಣ ಅನುಪಾತ.

ಪೂರ್ಣಾಂಕ

ಒಪ್ಪಿದೆ. ಷರತ್ತನ್ನು ಬಿಟ್ಟು ಹೇಳಿದ್ದು ನನ್ನ ತಪ್ಪು, ತಿದ್ದಿದ್ದಕ್ಕೆ ಕೃತಜ್ಞತೆಗಳು.

ಗಣಕ

ದಶಮಾಂಶಗಳೊಂದಿಗೆ ಕೆಲಸ ಮಾಡುವವರು ಎಚ್ಚರ ವಹಿಸಬೇಕಾದ ಇನ್ನೊಂದು ಜಾಗವಿದೆ. ಯ² − 2.02·ಯ + 1.02 = 0 ಎಂಬ ಸಮೀಕರಣದಲ್ಲಿ ಬ² = 4.0804, 4·ಅ·ಕ = 4.08. ಯಾರಾದರೂ 4.0804 ಅನ್ನು ಎರಡು ದಶಮಾಂಶ ಸ್ಥಾನಗಳಿಗೆ ಅಂದಾಜಿಸಿ 4.08 ಎಂದು ಬರೆದುಕೊಂಡರೆ ಶೋಧಕ ಸೊನ್ನೆಯಾಗಿ, ಉತ್ತರ '1.01 ಎಂಬ ಸಮ ಮೂಲಗಳು' ಎಂದಾಗುತ್ತದೆ. ನಿಜವಾದ ಶೋಧಕ 0.0004, ಅದರ ವರ್ಗಮೂಲ 0.02, ಮೂಲಗಳು 1 ಮತ್ತು 1.02. ಬಹುತೇಕ ಸಮನಾದ ಎರಡು ಸಂಖ್ಯೆಗಳನ್ನು ಕಳೆಯುವಾಗ ಮುಖ್ಯವಾದ ಅಂಕಿಗಳೆಲ್ಲ ಹೊರಟುಹೋಗಿ, ಕೊನೆಯ ಅಂಕಿಗಳೇ ತೀರ್ಪು ಕೊಡುತ್ತವೆ. ಆದ್ದರಿಂದ ಶೋಧಕದ ಲೆಕ್ಕ ಮುಗಿಯುವವರೆಗೆ ಯಾವ ಸಂಖ್ಯೆಯನ್ನೂ ಅಂದಾಜಿಸಬಾರದು.

ಬೀಜಾಕ್ಷರ

ಶೋಧಕ ಏನನ್ನು ಹೇಳುವುದಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕೆನಿಸುತ್ತದೆ. ಭಾಸ್ಕರಾಚಾರ್ಯರ 'ಬೀಜಗಣಿತ'ದಲ್ಲಿ ಕಪಿಗಳ ಎರಡು ಲೆಕ್ಕಗಳಿವೆ. ಮೊದಲನೆಯದರಲ್ಲಿ, ಗುಂಪಿನ ಎಂಟನೇ ಒಂದು ಭಾಗದ ವರ್ಗದಷ್ಟು ಕಪಿಗಳು ವನದಲ್ಲಿ ಆಡುತ್ತಿವೆ, ಉಳಿದ 12 ಬೆಟ್ಟದ ಮೇಲಿವೆ. ಸಮೀಕರಣ ಯ² − 64·ಯ + 768 = 0, ಶೋಧಕ 4096 − 3072 = 1024, ಅಂದರೆ 32ರ ವರ್ಗ. ಮೂಲಗಳು 48 ಮತ್ತು 16. ಎರಡೂ ಲೆಕ್ಕಕ್ಕೆ ಹೊಂದುತ್ತವೆ: 48 ಇದ್ದರೆ 36 ವನದಲ್ಲಿ, 16 ಇದ್ದರೆ 4 ವನದಲ್ಲಿ.

ಎರಡನೆಯ ಲೆಕ್ಕದಲ್ಲಿ, ಗುಂಪಿನ ಐದನೇ ಒಂದು ಭಾಗದಿಂದ 3 ಕಳೆದು ವರ್ಗ ಮಾಡಿದಷ್ಟು ಕಪಿಗಳು ಗುಹೆಗೆ ಹೋಗಿವೆ, ಒಂದು ಮಾತ್ರ ಕೊಂಬೆಯ ಮೇಲೆ ಕಾಣಿಸುತ್ತಿದೆ. ಸಮೀಕರಣ ಯ² − 55·ಯ + 250 = 0, ಶೋಧಕ 3025 − 1000 = 2025, ಅಂದರೆ 45ರ ವರ್ಗ. ಮೂಲಗಳು 50 ಮತ್ತು 5. ಆದರೆ 5ರ ಐದನೇ ಒಂದು ಭಾಗ 1. ಅದರಿಂದ 3 ಕಳೆದರೆ −2. ಇಲ್ಲದ ಕಪಿಗಳಿಂದ ವರ್ಗ ಮಾಡಬೇಕಾಗುತ್ತದೆ ಎಂಬ ಕಾರಣಕ್ಕೆ ಭಾಸ್ಕರರು 5ನ್ನು ಒಪ್ಪುವುದಿಲ್ಲ. ಎರಡೂ ಲೆಕ್ಕಗಳಲ್ಲಿ ಶೋಧಕ ಧನವೇ, ಮೂಲಗಳು ಪೂರ್ಣಾಂಕಗಳೇ. ವಾಸ್ತವ ಮೂಲವಿದೆ ಎಂದು ತಿಳಿಸುವುದಷ್ಟೇ ಶೋಧಕದ ಕೆಲಸ. ಆ ಮೂಲ ಪ್ರಶ್ನೆಯ ಸಂದರ್ಭಕ್ಕೆ ಸಲ್ಲುತ್ತದೆಯೇ ಎಂಬುದನ್ನು ನಾವೇ ಪ್ರಶ್ನೆಗೆ ಹಿಂದಿರುಗಿ ನೋಡಬೇಕು.

ಕಲಿಕಾರ್ಥಿ

ಇಷ್ಟೆಲ್ಲ ಓದಿದ ಮೇಲೆ ಅಭ್ಯಾಸದ ಒಂದು ಪ್ರಶ್ನೆಯನ್ನು ನಾನೇ ಬಿಡಿಸಲು ಪ್ರಯತ್ನಿಸಿದ್ದೇನೆ. ಪ್ರಶ್ನೆ ಹೀಗಿದೆ: (ಮ − 1)·ಯ² + 4·ಯ + 2 = 0 ಎಂಬ ವರ್ಗ ಸಮೀಕರಣಕ್ಕೆ ಎರಡು ಭಿನ್ನ ವಾಸ್ತವ ಮೂಲಗಳಿರಬೇಕಾದರೆ ಮ ಬೆಲೆ ಏನಾಗಿರಬೇಕು? ಶೋಧಕ 16 − 8·(ಮ − 1) = 24 − 8·ಮ. ಇದು ಸೊನ್ನೆಗಿಂತ ಹೆಚ್ಚಾಗಿರಬೇಕು, ಆದ್ದರಿಂದ ಮ < 3. ಇದು ಸರಿಯಾದ ಉತ್ತರವೇ?

ಹಳೆಯ ಮೇಷ್ಟ್ರು

ಶೋಧಕದ ಲೆಕ್ಕ ಸರಿಯಾಗಿದೆ, ಈ ಬಾರಿ ಚಿಹ್ನೆಗಳೂ ತಪ್ಪಲಿಲ್ಲ. ಆದರೆ ಒಂದು ಬೆಲೆ ನಿಮ್ಮ ಕೈತಪ್ಪಿದೆ. ಮ = 1 ಎಂದಿಟ್ಟು ನೋಡಿ. ಯ² ಪದವೇ ಮಾಯವಾಗಿ 4·ಯ + 2 = 0 ಉಳಿಯುತ್ತದೆ. ಅದು ವರ್ಗ ಸಮೀಕರಣವೇ ಅಲ್ಲ, ಅದಕ್ಕೆ −1/2 ಎಂಬ ಒಂದೇ ಪರಿಹಾರ. ನಿಮ್ಮ ಶೋಧಕ ಮಾತ್ರ ಆಗಲೂ 16 ಎಂದು ತೋರಿಸಿ ಎರಡು ಮೂಲಗಳ ಭರವಸೆ ಕೊಡುತ್ತದೆ. ಏಕೆ ಹೀಗಾಯಿತು? ನಾವು ಶೋಧಕವನ್ನು ಪಡೆದ ದಾರಿಯ ಮೊದಲ ಹೆಜ್ಜೆಯೇ 4·ಅ ಇಂದ ಗುಣಿಸುವುದು. ಅ ಸೊನ್ನೆಯಾದರೆ ಸಮೀಕರಣವನ್ನು ಸೊನ್ನೆಯಿಂದ ಗುಣಿಸಿದಂತಾಯಿತು, ಆಮೇಲೆ ಬರುವ ಯಾವ ಸಾಲಿಗೂ ಅರ್ಥ ಉಳಿಯುವುದಿಲ್ಲ. ಆದ್ದರಿಂದ ಸರಿಯಾದ ಉತ್ತರ: ಮ < 3 ಮತ್ತು ಮ ≠ 1. ಯ² ಪದದ ಸಹಗುಣಕದಲ್ಲಿ ಅಕ್ಷರ ಕಂಡಾಗಲೆಲ್ಲ ಅದು ಸೊನ್ನೆಯಾಗುವ ಬೆಲೆಯನ್ನು ಮೊದಲೇ ಬದಿಗೆ ಬರೆದಿಟ್ಟುಕೊಳ್ಳಿ.

ನಕ್ಷೆಗಾರ

ಮ ಬೆಲೆ 1ರ ಹತ್ತಿರಕ್ಕೆ ಬಂದಾಗ ಎರಡನೆಯ ಮೂಲ ಏನಾಗುತ್ತದೆ ಎಂಬುದನ್ನು ಕಲಿಕಾರ್ಥಿಯವರು ಸ್ವತಃ ಲೆಕ್ಕ ಹಾಕಿ ನೋಡಬೇಕೆಂದು ನನ್ನ ಕೋರಿಕೆ. ಮ = 1.01 ಇಂದ ಆರಂಭಿಸಿ.

ಕಲಿಕಾರ್ಥಿ

ಲೆಕ್ಕ ಹಾಕಿದೆ. ಮ = 1.01 ಆದಾಗ ಸಮೀಕರಣ 0.01·ಯ² + 4·ಯ + 2 = 0, ಶೋಧಕ 15.92. ಗಣಕ ಅವರ ಎಚ್ಚರಿಕೆಯನ್ನು ನೆನೆದು ಅದರ ವರ್ಗಮೂಲವನ್ನು 3.989987 ಎಂದು ಆರು ಸ್ಥಾನಗಳವರೆಗೆ ಇಟ್ಟುಕೊಂಡೆ. ಒಂದು ಮೂಲ ಸುಮಾರು −0.5006, ಅಂದರೆ −1/2ರ ಪಕ್ಕದಲ್ಲಿಯೇ ಇದೆ. ಇನ್ನೊಂದು ಸುಮಾರು −399.5. ಮ = 1.001 ಎಂದಿಟ್ಟಾಗ ಮೊದಲನೆಯದು ಅಲ್ಲಿಯೇ ನಿಂತಿತು, ಎರಡನೆಯದು −3999.5ರ ಆಸುಪಾಸಿಗೆ ಓಡಿತು. ಆಮೇಲೆ 1ರ ಇನ್ನೊಂದು ಮಗ್ಗುಲಿನಿಂದ ನೋಡೋಣವೆಂದು ಮ = 0.99 ಇಟ್ಟೆ. ಮೊದಲ ಮೂಲ −0.4994, ಎರಡನೆಯದು ಸುಮಾರು +400.5. ಸಂಖ್ಯಾರೇಖೆಯ ಎಡತುದಿಯ ಕಡೆ ಹೊರಟ ಮೂಲ ಬಲತುದಿಯಿಂದ ಹಿಂದಿರುಗಿದೆ, ಮ ಸರಿಯಾಗಿ 1 ಆದಾಗ ಮಾತ್ರ ಅದು ಎಲ್ಲಿಯೂ ಇಲ್ಲ.